ಮುಳ್ಳಿನ ಮೇಲಿನ ಮುಸುಕು

ಕ್ಲಚ್ಚಕ್ಕನಿಗೆ ಆ ಹೆಸರು ಬಂದದ್ದು ಅವಳ ಬಾಯಿಯಿಂದಲೇ. ಕಾರು ಕಲಿಯಲು ಬಂದವರ ಪಕ್ಕದಲ್ಲಿ ಕೂತು ಅವಳು ದಿನವಿಡೀ ಹೇಳುತ್ತಿದ್ದುದು "ಕ್ಲಚ್ಚು ಅಕ್ಕಾ, ಕ್ಲಚ್ಚು" ಎಂಬ ಒಂದೇ ಮಾತು. ಬೀದಿಯಲ್ಲಿ ಆಡುವ ಮಕ್ಕಳು ಅದನ್ನೇ ಹಿಡಿದುಕೊಂಡು ಅವಳಿಗೇ ಅಂಟಿಸಿದರು. ಅವಳೇನು ಕಡಿಮೆಯವಳೇ, ಕಾರಿನ ನೆತ್ತಿಯ ಮೇಲಿನ ಬೋರ್ಡಿನಲ್ಲೂ ಅದೇ ಹೆಸರು ಬರೆಸಿಬಿಟ್ಟಳು.

ಅವಳ ಹತ್ತಿರ ಬರುತ್ತಿದ್ದವರು ಹೆಚ್ಚಾಗಿ ನಡುವಯಸ್ಸಿನ ಹೆಂಗಸರು. ಗಂಡನ ಹತ್ತಿರವೋ ಮಗನ ಹತ್ತಿರವೋ ಕಲಿಯಲು ಹೋಗಿ, ಹಿಗ್ಗಾಮುಗ್ಗಾ ಬೈಸಿಕೊಂಡು, ಈ ಜನ್ಮಕ್ಕೆ ಸ್ಟೇರಿಂಗಿನ ಸಹವಾಸ ಸಾಕು ಎಂದು ಕೈಮುಗಿದವರು. ಅಂಥವರನ್ನು ದಾರಿಗೆ ತರುವುದರಲ್ಲಿ ಕ್ಲಚ್ಚಕ್ಕನದು ಎತ್ತಿದ ಕೈ. ಅದರಲ್ಲಿ ಅರ್ಧ ಪಾಲು ಕಾರಿಗೂ ಸಲ್ಲಬೇಕು. ಬಣ್ಣ ಮಾಸಿದ ಹಳೆಯ ಕಾರು, ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು. ಇಂಜಿನ್ನಿಗೆ ಮಾತ್ರ ಎಲ್ಲೂ ಕಾಣದ ತಾಳ್ಮೆ. ಕ್ಲಚ್ಚನ್ನು ಎಷ್ಟೇ ಕೆಟ್ಟದಾಗಿ ಬಿಟ್ಟರೂ ಒಮ್ಮೆ ನಡುಗಿ, ಕೆಮ್ಮಿ, ಹೇಗೋ ಸಾವರಿಸಿಕೊಂಡು ಹೊರಟೇಬಿಡುತ್ತಿತ್ತು. ಬೇರೆ ಕಾರಾಗಿದ್ದರೆ ನಡುರಸ್ತೆಯಲ್ಲಿ ಗಕ್ಕನೆ ನಿಂತು ಇದ್ದಬದ್ದ ಧೈರ್ಯವನ್ನೂ ಕಳೆಯುತ್ತಿತ್ತು.

ಪಾಠ ಹೇಳುವುದರಲ್ಲಿ ಅವಳಿಗೆ ತನ್ನದೇ ಒಂದು ಕ್ರಮವಿತ್ತು. ಹೊಸಬರ ಕಣ್ಣು ರಸ್ತೆ ಬಿಟ್ಟು ಸ್ಟೇರಿಂಗಿನ ಹಿಂದಿನ ಮೀಟರುಗಳ ಮೇಲೆ ಹೋಗುತ್ತದೆ, ಅಲ್ಲಿ ಒಂದು ಮುಳ್ಳು ಅಲ್ಲಾಡಿದರೆ ಸಾಕು, ಎದುರಿಗೆ ಬರುವ ಬಸ್ಸೂ ಕಾಣುವುದಿಲ್ಲ ಎಂಬುದು ಅವಳ ಅನುಭವ. ಅದಕ್ಕೇ ಮೀಟರುಗಳ ಮೇಲೆ ಕಪ್ಪು ಬಟ್ಟೆಯ ಮುಸುಕು ಹಾಕಿಬಿಡುತ್ತಿದ್ದಳು. ಹರಿದ ಕೊಡೆಯ ಬಟ್ಟೆ, ಅಂಚಿಗೆ ಎಲಾಸ್ಟಿಕ್ಕು. ಎಳೆದು ಸಿಕ್ಕಿಸಿದರೆ ಅಲ್ಲಾಡದೆ ಕೂರುತ್ತಿತ್ತು. ವೇಗ ಕಾಲಿಗೆ ಗೊತ್ತಾಗಬೇಕು, ಗೇರು ಕಿವಿಗೆ ಗೊತ್ತಾಗಬೇಕು ಎನ್ನುತ್ತಿದ್ದಳು. ಬೆಳಗ್ಗೆ ಹೊರಡುವಾಗ ಒಮ್ಮೆ ತುದಿ ಎತ್ತಿ ಪೆಟ್ರೋಲು ಎಷ್ಟಿದೆ, ಬಿಸಿ ಎಷ್ಟಿದೆ ಎಂದು ಇಣುಕಿದರೆ ಅವಳ ತಪಾಸಣೆ ಮುಗಿಯಿತು. ಕಾರನ್ನು ಗ್ಯಾರೇಜಿಗೆ ಬಿಡುವ ದಿನ ಮಾತ್ರ ಮುಸುಕು ಕಳಚಿ ಚೀಲದ ತಳ ಸೇರುತ್ತಿತ್ತು. ಗ್ಯಾರೇಜು ಅವಳ ಮೈದುನನದು. ಅವನ ಕಣ್ಣಿಗೇನಾದರೂ ಬಿದ್ದರೆ ಮರ್ಯಾದೆ ಹರಾಜು ಹಾಕುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಮುಸುಕನ್ನು ಹೊಲಿದುಕೊಟ್ಟವರು ಅತ್ತೆ. ಅತ್ತೆಯ ಕಥೆ ಒಂದು ತಮಾಷೆ. ಹಿರಿಯ ಮಗ, ಅಂದರೆ ಕ್ಲಚ್ಚಕ್ಕನ ಗಂಡ, ದೂರದೂರಿಗೆ ಲಾರಿ ಓಡಿಸುವವನು. ಮನೆಗೆ ನೆಂಟನ ಹಾಗೆ ಬಂದು ಹೋಗುವವನು. ಕಿರಿಯವನು ಕಾರು ರಿಪೇರಿ ಮಾಡುವವನು. ಸೊಸೆ ಕಾರು ಕಲಿಸುವವಳು. ಇಷ್ಟೆಲ್ಲ ಇದ್ದೂ ಅತ್ತೆ ಎಲ್ಲಿಗೆ ಹೋದರೂ ಕಾಲ್ನಡಿಗೆ. ಬಸ್ಸಾಗಲಿ ಕಾರಾಗಲಿ, ಹತ್ತಿ ಕೂತು ಮೂರು ತಿರುವು ಆಗುವಷ್ಟರಲ್ಲಿ ಹೊಟ್ಟೆ ತೊಳಸಿ, ಮುಖ ಬಿಳಿಚಿ, ಸೆರಗು ಬಾಯಿಗೆ ಬರುತ್ತಿತ್ತು. ಮಾತ್ರೆ, ನಿಂಬೆಹಣ್ಣು, ಕಣ್ಣು ಮುಚ್ಚಿ ಮಲಗುವುದು, ಎಲ್ಲವೂ ಆಗಿಹೋಗಿತ್ತು. ಗುಡ್ಡದ ಆಚೆ ಅವರ ಒಡಹುಟ್ಟಿದ ಅಕ್ಕ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದವರು ಹಾಸಿಗೆ ಹಿಡಿದಿದ್ದರು. ಅಕ್ಕ ತಂಗಿ ದಿನಾ ಬೆಳಗ್ಗೆ ಫೋನಿನಲ್ಲಿ ಮಾತಾಡುತ್ತಿದ್ದರೇ ಹೊರತು, ಮುಖ ನೋಡಿ ವರ್ಷಗಳೇ ಕಳೆದಿದ್ದವು.

ಒಂದು ದಿನ ಖಾಲಿ ಮೈದಾನದಲ್ಲಿ ಕ್ಲಚ್ಚಕ್ಕ ಸುಮ್ಮನೆ ನಗುವಿಗೆಂದು ಅತ್ತೆಯನ್ನು ಸ್ಟೇರಿಂಗಿನ ಮುಂದೆ ಕೂರಿಸಿದಳು. ಅತ್ತೆ ಮೈದಾನವನ್ನು ಸುತ್ತಿದರು, ಮತ್ತೆ ಸುತ್ತಿದರು, ಇಳಿಯಿರಿ ಎಂದರೆ ಇಳಿಯಲೊಲ್ಲರು. ಕೊನೆಗೆ ಕಾರು ನಿಲ್ಲಿಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಚ್ಚರಿಯಿಂದ ಹೇಳಿದರು.

"ಏನೂ ಆಗ್ಲಿಲ್ವಲ್ಲೇ ನನಗೆ."

ಓಡಿಸುವವರಿಗೆ ಹೊಟ್ಟೆ ತೊಳಸುವುದಿಲ್ಲ, ಕೂತು ಹೋಗುವವರಿಗಷ್ಟೇ ಎಂಬುದು ಹೀಗೆ ಬೆಳಕಿಗೆ ಬಂತು. ಅಂದಿನಿಂದ ಅತ್ತೆಗೆ ಪಾಠ ಶುರು. ದಿನಕ್ಕೊಮ್ಮೆ ಅತ್ತೆಯನ್ನು ಗದರುವ ಹಕ್ಕು ಯಾವ ಸೊಸೆಗೆ ಸಿಗುತ್ತದೆ ಹೇಳಿ! ಕ್ಲಚ್ಚಕ್ಕ ಅದನ್ನು ಧಾರಾಳವಾಗಿಯೇ ಬಳಸಿಕೊಂಡಳು. ಮನೆಗೆ ಬಂದ ಮೇಲೆ ಅತ್ತೆ, ನೀನು ಪಾತ್ರೆ ತೊಳೆದದ್ದು ಸರಿಯಿಲ್ಲ ಎಂದು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದರು. ಜಗಳವಾಡುತ್ತಲೇ ಲೈಸೆನ್ಸು ಕೈಗೆ ಬಂತು. ಉಳಿದದ್ದು ಗುಡ್ಡದ ದಾರಿ. ಆ ಏರು, ಆ ತಿರುವು ಅಭ್ಯಾಸವಾದರೆ ಅತ್ತೆ ತಾವೇ ಕಾರು ಓಡಿಸಿಕೊಂಡು ಅಕ್ಕನ ಮನೆಯ ಬಾಗಿಲಿಗೆ ಹೋಗಿ ಇಳಿಯಬಹುದಿತ್ತು. ಬಟ್ಟೆಯ ಚೀಲ ಆಗಲೇ ಸಿದ್ಧವಾಗಿ ಮಂಚದ ಕೆಳಗೆ ಕೂತಿತ್ತು.

ಎಡವಟ್ಟಾದದ್ದು ಆ ಗುಡ್ಡದಲ್ಲೇ. ಬಿಸಿಲು ಏರಿತ್ತು. ಮುಂದೆ ಕಲ್ಲು ತುಂಬಿದ ಲಾರಿಯೊಂದು ತೆವಳುತ್ತಿತ್ತು, ಹಿಂದೆ ಹಾರನ್ನುಗಳು ಬೊಬ್ಬೆಯಿಡುತ್ತಿದ್ದವು. ಅತ್ತೆ ಮೊದಲ ಗೇರಿನಲ್ಲಿ ಹಲ್ಲು ಕಚ್ಚಿಕೊಂಡು ಹತ್ತಿಸುತ್ತಿದ್ದರು. ನೀರಿನ ಟ್ಯಾಂಕಿನ ತಿರುವಿನ ಹತ್ತಿರ, ಏನೋ ಸಿಹಿ ವಾಸನೆ ಬರುತ್ತಿದೆ, ಸಕ್ಕರೆ ಸುಟ್ಟ ಹಾಗೆ ಎಂದರು. ಮೂಗು ಆಮೇಲೆ, ಮೊದಲು ರಸ್ತೆ ನೋಡಿ ಎಂದಳು ಕ್ಲಚ್ಚಕ್ಕ. ಅವಳ ಗಮನವೆಲ್ಲ ಅತ್ತೆಯ ಎಡಗಾಲಿನ ಮೇಲಿತ್ತು. ಇನ್ನೂ ಎಷ್ಟೋ ತಿರುವು ಹತ್ತಿದರು. ಅತ್ತೆ ಮತ್ತೊಮ್ಮೆ ವಾಸನೆಯ ಮಾತೆತ್ತಿದರು. ಅವಳು ಗದರಿದಳು. ತುದಿ ಇನ್ನೇನು ಕಂಡಿತು ಎನ್ನುವಾಗ ಇಂಜಿನ್ನು ಕಟಕಟ ಎಂದಿತು, ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ ಬುಸ್ಸೆಂದು ಎದ್ದು ಗಾಜನ್ನು ಮುಚ್ಚಿತು. ಅತ್ತೆಗೆ ಮುಂದೇನೂ ಕಾಣದಾಯಿತು. ಒಂದು ಬದಿಗೆ ಕಣಿವೆ. ಕ್ಲಚ್ಚಕ್ಕ ಕಿಟಕಿಯಿಂದ ತಲೆ ಹೊರಹಾಕಿ, ಒಂದು ಕೈಯಲ್ಲಿ ಸ್ಟೇರಿಂಗ್ ಎಳೆದು, ತನ್ನ ಕಡೆಯ ಬ್ರೇಕನ್ನು ಎರಡೂ ಕಾಲಿನಿಂದ ತುಳಿದಳು. ಕಾರು ಕಲ್ಲುಕಂಬಕ್ಕೆ ಒರಗಿದಂತೆ ನಿಂತಿತು. ಇಬ್ಬರಿಗೂ ಜೀವ ಬಾಯಿಗೆ ಬಂದಿತ್ತು.

ಆವಿ ಇನ್ನೂ ಏಳುತ್ತಿರುವಾಗಲೇ ಕ್ಲಚ್ಚಕ್ಕ ಮೊದಲು ಮಾಡಿದ ಕೆಲಸ ಏನು ಗೊತ್ತೆ? ಮುಸುಕು ಕಿತ್ತು ಚೀಲಕ್ಕೆ ಹಾಕಿಕೊಂಡದ್ದು. ಅದರ ಕೆಳಗೆ ಬಿಸಿಯ ಮುಳ್ಳು ಕೆಂಪನ್ನೂ ದಾಟಿ ತುದಿಗೆ ಒರಗಿಕೊಂಡಿತ್ತು, ಪಕ್ಕದಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಆಮೇಲೆ ಕೀಲಿ ತಿರುಗಿಸಿ ಇಂಜಿನ್ನು ಆರಿಸಿದಳು, ಆಮೇಲೆ ಮೈದುನನಿಗೆ ಫೋನು. ಅತ್ತೆ ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಡಿದರು.

ಮೈದುನ ಕಾರನ್ನು ಎಳೆತಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದ. ಕೆಳಗಿನ ನೀರಿನ ಪೈಪು ಉದ್ದಕ್ಕೆ ಸೀಳಿತ್ತು. ಆಯಿಲ್ ಕಡ್ಡಿ ಎಳೆದು ನೋಡಿದರೆ ತುದಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ. ನೀರು ಒಳಗೆ ನುಗ್ಗಿದೆ, ನೀರು ಎಣ್ಣೆ ಬೆರೆಯದಂತೆ ತಡೆಯುವ ಗ್ಯಾಸ್ಕೆಟ್ ಸುಟ್ಟಿದೆ ಎಂದ. ಮುಂದಿನ ದಾರಿ ಎರಡು. ಇಂಜಿನ್ನಿನ ಮೇಲಿನ ಮುಚ್ಚಳದಂಥ ಹೆಡ್ಡು ಮಾತ್ರ ಸೊಟ್ಟಗಾಗಿದ್ದರೆ ಲೇತಿನವನ ಹತ್ತಿರ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಇದೇ ಇಂಜಿನ್ನನ್ನು ಉಳಿಸಿಕೊಳ್ಳಬಹುದು. ಬಿಸಿ ಕೆಳಗಿನವರೆಗೂ ಇಳಿದು ಪಿಸ್ಟನ್ನಿನ ರಿಂಗುಗಳು ಬಿಗಿ ಕಳೆದುಕೊಂಡಿದ್ದರೆ ರಿಪೇರಿ ಮಾಡಿ ಪ್ರಯೋಜನವಿಲ್ಲ. ಹಿಂದಿನಿಂದ ಗುದ್ದಿಸಿಕೊಂಡು ಗುಜರಿಗೆ ಬಂದ ಇಂಥದೇ ಕಾರೊಂದರ ಇಂಜಿನ್ನು ಇದೆ, ಅದನ್ನು ತಂದು ಕೂರಿಸಬೇಕು. ಗುಜರಿಯವನು ನಾಳೆ ಸಂಜೆಯವರೆಗೆ ಕಾಯುತ್ತಾನೆ, ಇನ್ನೊಬ್ಬ ಗಿರಾಕಿ ಆಗಲೇ ಬಾಗಿಲಲ್ಲಿದ್ದಾನೆ. ಇಷ್ಟು ಹೇಳಿ ಅವನು ಕೈ ಒರೆಸಿಕೊಳ್ಳುತ್ತ ಕೇಳಿದ.

"ಅತ್ತಿಗೆ, ಮುಳ್ಳು ಕೆಂಪಿಗೆ ಬಂದ ಮೇಲೆ ಎಷ್ಟು ಹೊತ್ತು ಓಡಿಸಿದ್ರಿ?"

"ಬಂದ ಕೂಡ್ಲೇ ಆಫ್ ಮಾಡ್ದೆ."

ಮಾತು ತಾನಾಗಿಯೇ ಜಾರಿ ಬಿದ್ದಿತ್ತು. ಮೈದುನನ ಮುಖ ಅರಳಿತು. ಹಾಗಾದರೆ ಹೆಡ್ಡು ಮಾತ್ರ, ಕೆಳಗೆ ಮುಟ್ಟುವುದೇ ಬೇಡ, ಅತ್ತಿಗೆಯ ಕಣ್ಣು ತಪ್ಪಿಸಿ ಒಂದು ಮುಳ್ಳಾದರೂ ಅಲ್ಲಾಡುವುದುಂಟೆ ಎಂದ. ಆ ಹೊಗಳಿಕೆ ಕ್ಲಚ್ಚಕ್ಕನ ಬೆನ್ನಿಗೆ ಚುಚ್ಚಿತು. ಆದರೂ ಒಳಗೊಳಗೇ ಸಮಾಧಾನವಾಯಿತು. ಅವಳಿಗೂ ಬೇಕಿದ್ದದ್ದು ಅದೇ ತಾಳ್ಮೆಯ ಇಂಜಿನ್ನು. ಅದಿಲ್ಲದೆ ತನ್ನ ಅಂಜುಬುರುಕ ಅಕ್ಕಂದಿರಿಗೆ ಕಲಿಸುವುದಾದರೂ ಹೇಗೆ?

ಅಷ್ಟಕ್ಕೇ ಮುಗಿದಿದ್ದರೆ ಸರಿಹೋಗುತ್ತಿತ್ತೋ ಏನೋ. ಮೈದುನ ತಾಯಿಯ ಕಡೆ ತಿರುಗಿದ. ಪೈಪು ಇವತ್ತಲ್ಲ ನಾಳೆ ಸೀಳುತ್ತಿತ್ತು, ಆದರೆ ಇಂಜಿನ್ನು ಅರಚುವ ಹಾಗೆ ಆಕ್ಸಿಲರೇಟರ್ ಒತ್ತಿದ್ದರಿಂದ ಇಷ್ಟಾಯಿತು ಎಂದು ಶುರುಮಾಡಿದವನು ವಯಸ್ಸು, ಕಣ್ಣು, ಕಣಿವೆ, ಜನ ಏನೆನ್ನುತ್ತಾರೆ ಎಲ್ಲವನ್ನೂ ಎಳೆದುತಂದ. ಇನ್ನು ಮೇಲೆ ಅಮ್ಮ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ, ಅಣ್ಣನಿಗೂ ಹೇಳುತ್ತೇನೆ ಎಂದ. ಅತ್ತೆ ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತು ಕೇಳಿಸಿಕೊಂಡರು. ಕ್ಲಚ್ಚಕ್ಕ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಅತ್ತೆಯ ಬಾಯಿಯನ್ನೇ ನೋಡುತ್ತಿದ್ದಳು.

"ಹೌದಪ್ಪ, ನನ್ನ ಕಾಲು ಸ್ವಲ್ಪ ಭಾರ ಆಯ್ತು," ಎಂದರು ಅತ್ತೆ. ಅಷ್ಟೇ.

ಮನೆಗೆ ಬಂದ ಮೇಲೆ ಅತ್ತೆ ಜಗಳವಾಡುತ್ತಾರೆಂದು ಅವಳು ಕಾದಳು. ಪಾತ್ರೆಯನ್ನು ಬೇಕೆಂದೇ ಕೊಳಕಾಗಿ ತೊಳೆದಿಟ್ಟಳು. ಅತ್ತೆ ಅದನ್ನು ತೆಗೆದುಕೊಂಡು ತಾವೇ ಮತ್ತೊಮ್ಮೆ ತೊಳೆದರು. ಮಂಚದ ಕೆಳಗಿನ ಚೀಲವನ್ನು ಹೊರಗೆಳೆದು, ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಕಪಾಟಿಗೆ ಇಟ್ಟರು. ಅಕ್ಕನಿಗೆ ಫೋನು ಮಾಡಿ, ಕಾರು ಕೆಟ್ಟಿದೆ, ಈಗ ಬರಲಾಗುವುದಿಲ್ಲ, ಆಮೇಲೆ ನೋಡೋಣ ಎಂದರು. ಆ ಕಡೆಯಿಂದ ಏನು ಹೇಳಿದರೋ, ಬಹಳ ಹೊತ್ತು ಹೂಂ ಹೂಂ ಎಂದು ಕೇಳಿಸಿಕೊಂಡು ಫೋನು ಇಟ್ಟರು. ಕ್ಲಚ್ಚಕ್ಕನಿಗೆ ಊಟ ಸೇರಲಿಲ್ಲ. ಅತ್ತೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯದೆ ಉಳಿದವರನ್ನು ಎದುರಿಸುವುದು ಅವಳಿಗೆ ಗೊತ್ತಿರಲಿಲ್ಲ.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೇಳಿದರೆ ಏನಾಗುತ್ತದೆ? ಮೀಟರು ಮುಚ್ಚಿಕೊಂಡು ಕಾರು ಕಲಿಸುವವಳು ಎಂದು ಊರೆಲ್ಲ ಸುದ್ದಿಯಾಗುತ್ತದೆ, ನಾಳೆಯಿಂದ ಯಾರೂ ಪಕ್ಕದಲ್ಲಿ ಕೂರಲು ಬರುವುದಿಲ್ಲ. ಹೇಳದಿದ್ದರೆ ಏನಾಗುತ್ತದೆ? ಬಹುಶಃ ಏನೂ ಆಗುವುದಿಲ್ಲ. ಲೇತಿನವನು ಹೆಡ್ಡು ಸಮ ಮಾಡುತ್ತಾನೆ, ಇಂಜಿನ್ನು ಓಡುತ್ತದೆ. ಆ 'ಬಹುಶಃ' ಮಾತ್ರ ಅವಳನ್ನು ಮಲಗಗೊಡಲಿಲ್ಲ.

ಮರುದಿನ ಮಧ್ಯಾಹ್ನ ಮೈದುನ ಬರಹೇಳಿದ. ಅತ್ತೆಯೂ ಜೊತೆಗೆ ಹೊರಟರು. ಲೇತಿನಿಂದ ಬಂದ ಹೆಡ್ಡು ಬೆಂಚಿನ ಮೇಲೆ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಸ ಗ್ಯಾಸ್ಕೆಟ್ ಪ್ಲಾಸ್ಟಿಕ್ಕಿನಿಂದ ಹೊರಬಂದಿತ್ತು. ಮೈದುನ ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಲ್ಲಿ ಫೋನು ಹಿಡಿದಿದ್ದ. ಗುಜರಿಯವನು ಬೇಕೋ ಬೇಡವೋ ಎಂದು ಮೂರನೇ ಸಲ ಕೇಳುತ್ತಿದ್ದ.

ಫೋನನ್ನು ಅಂಗೈಯಿಂದ ಮುಚ್ಚಿ ಅವನು ಅತ್ತಿಗೆಯನ್ನು ನೋಡಿದ. ನೀವು ಹೇಳಿದ್ದನ್ನು ನಂಬಿಯೇ ಕೆಳಗೆ ಬಿಚ್ಚಿಲ್ಲ ಎಂದ. ರಿಂಗು ಹೋಗಿದ್ದರೆ ಊರೊಳಗೆ ಗೊತ್ತೇ ಆಗುವುದಿಲ್ಲ, ಏರಿನಲ್ಲಿ ಮತ್ತೆ ಬಿಸಿಯಾದಾಗಲೇ ಗೊತ್ತಾಗುವುದು ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಗುಡ್ಡದ ಮೇಲೆ ಇಂಜಿನ್ ಹಿಡ್ಕೊಂಡು ನಿಂತ್ರೆ ಬ್ರೇಕೂ ಕಲ್ಲಾಗುತ್ತೆ, ತುಳಿದ್ರೂ ಇಳಿಯಲ್ಲ ಅತ್ತಿಗೆ. ಅದಕ್ಕೇ ಇನ್ನೊಂದ್ಸಲ ಕೇಳ್ತಿದ್ದೀನಿ. ಕೂಡ್ಲೇ ಆಫ್ ಮಾಡಿದ್ದು ನಿಜ ತಾನೆ? ಮುಚ್ಚಿಬಿಡ್ಲಾ?" ಎಂದು ಕೇಳಿದ.

ಚೀಲದ ಹಿಡಿ ಕ್ಲಚ್ಚಕ್ಕನ ಭುಜಕ್ಕೆ ಒತ್ತುತ್ತಿತ್ತು. ಗ್ಯಾರೇಜಿನ ಗೋಡೆ ಗಡಿಯಾರ, ಎಣ್ಣೆ ಹಿಡಿದ ನೆಲ, ಮೂಲೆಯ ಬ್ಯಾಟರಿಗಳು, ಎಲ್ಲವೂ ತನ್ನ ಕಡೆಗೇ ನೋಡುತ್ತಿವೆಯೇನೋ ಎನಿಸಿತು. ಅಷ್ಟರಲ್ಲಿ ಟೈರಿನ ಮೇಲೆ ಕೂತಿದ್ದ ಅತ್ತೆ, ಮಗನ ಮುಖ ನೋಡದೆ, ನೆಲ ನೋಡುತ್ತ ಹೇಳಿದರು.

"ಅವಳು ಒಂದ್ಸಲ ಹೇಳಿದ್ದಾಳಲ್ಲ. ಮುಚ್ಚು."

ಅಲ್ಲಿಗೆ ಕ್ಲಚ್ಚಕ್ಕನ ಕಟ್ಟೆ ಒಡೆಯಿತು. ನಾಳೆ ಆ ಸ್ಟೇರಿಂಗಿನ ಹಿಂದೆ ಕೂರುವವರು ಯಾರೇ ಆಗಿರಲಿ, ಈ ಮುದುಕಿ ಸೊಸೆಯ ಮಾನ ಉಳಿಸಲು ಅವರ ಜೀವವನ್ನೂ, ತನ್ನ ಅಕ್ಕನ ದಾರಿಯನ್ನೂ ಒತ್ತೆಯಿಡುತ್ತಿದೆ. ಅವಳು ಕಾರಿನ ಬಾಗಿಲು ತೆರೆದು ಒಳಗೆ ಬಗ್ಗಿದಳು. ಚೀಲದ ತಳದಿಂದ ಮುಸುಕು ತೆಗೆದು ಮೀಟರುಗಳ ಮೇಲೆ ಎಳೆದು ಸಿಕ್ಕಿಸಿದಳು. ಎಲಾಸ್ಟಿಕ್ಕು ಪಟ್ಟೆಂದು ಕೂತಿತು.

"ಬಾ, ನೋಡು," ಎಂದಳು. "ಹತ್ತೋವಾಗ ಇದು ಹೀಗಿತ್ತು. ಮುಳ್ಳು ಯಾವಾಗ ಕೆಂಪಿಗೆ ಹೋಯ್ತೋ ನನಗೆ ಗೊತ್ತಿಲ್ಲ. ನಾನು ನೋಡೇ ಇಲ್ಲ."

ಮೈದುನ ಬಗ್ಗಿ ನೋಡಿದ. ಮುಸುಕಿನ ಅಂಚಿನ ಮೇಲೆ ಬೆರಳಾಡಿಸಿದ. ಆ ಒತ್ತೊತ್ತಾದ ಹೊಲಿಗೆಯನ್ನು ಅವನು ತನ್ನ ಬಾಲ್ಯದ ಅಂಗಿಗಳಿಂದಲೇ ಬಲ್ಲವನು. ತಿರುಗಿ ತಾಯಿಯನ್ನು ನೋಡಿದ. ಫೋನಿನೊಳಗೆ ಗುಜರಿಯವನು ಹಲೋ ಹಲೋ ಎನ್ನುತ್ತಲೇ ಇದ್ದ. ಇಂಜಿನ್ನಿನ ನೀರು ಸೋರಿ ಕುದಿದರೆ ಸಿಹಿ ವಾಸನೆ ಬರಲೇಬೇಕು, ಅದು ಎಲ್ಲಿಂದ ಶುರುವಾಯಿತು ಎಂದು ಅಮ್ಮನನ್ನೇ ಕೇಳಿದ. ಅತ್ತೆ ಸೊಸೆಯ ಕಡೆ ನೋಡಿದರು. ಸೊಸೆ ತಲೆಯಾಡಿಸಿದ ಮೇಲೆ, ನೀರಿನ ಟ್ಯಾಂಕಿನ ತಿರುವಿನಿಂದ ಎಂದರು. ಅಂದರೆ ಅರ್ಧ ಗುಡ್ಡ ಹಾಗೇ ಹತ್ತಿಸಿದ್ದರು.

ಅವನು ಗ್ಯಾಸ್ಕೆಟ್ಟನ್ನು ಬೆಂಚಿನ ಮೇಲಿಟ್ಟ. ಗುಜರಿಯವನಿಗೆ ಸ್ವಲ್ಪ ತಡಿ ಎಂದು ಹೇಳಿ, ಕಾರಿನ ಕೆಳಗೆ ನುಗ್ಗಿ ಬಿಚ್ಚತೊಡಗಿದ. ಅವನ ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು. ಅತ್ತೆ ಸೊಸೆ ಒಂದೇ ಟೈರಿನ ಮೇಲೆ ಮೈಗೆ ಮೈ ತಾಗಿಸಿಕೊಂಡು ಕೂತರು. ಸ್ಪ್ಯಾನರು ಜಾರಿದ ಸದ್ದು, ಬೈಗುಳ, ಮತ್ತೆ ಸ್ಪ್ಯಾನರಿನ ಸದ್ದು. ಕೊನೆಗೆ ಅವನು ಒಂದು ಪಿಸ್ಟನ್ ಹಿಡಿದುಕೊಂಡು ಎದ್ದುಬಂದ. ಅದರ ಮೈಮೇಲೆ ಉದ್ದುದ್ದ ಗೀರುಗಳು. ಸುತ್ತಲಿನ ರಿಂಗನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಒತ್ತಿದರೆ ಪುಟಿದು ಬರಬೇಕಾದದ್ದು ಒತ್ತಿದಲ್ಲೇ ಸತ್ತಂತೆ ಉಳಿಯಿತು.

"ಇದನ್ನ ಮುಚ್ಚಿ ಕೊಡ್ತಿದ್ದೆ ನಾನು," ಎಂದ. ದನಿ ಏರಲಿಲ್ಲ. "ಇಂಜಿನ್ ಹೋದ್ರೆ ಹೋಗ್ಲಿ ಅತ್ತಿಗೆ. ನಿನ್ನೆ ನಾನು ಅಮ್ಮನಿಗೆ ಅಷ್ಟು ಅಂದಾಗ ನೀವು ಇಲ್ಲೇ ನಿಂತಿದ್ರಿ."

ಕ್ಲಚ್ಚಕ್ಕ ಅತ್ತಳು. ಅಳು ಬಂದದ್ದಕ್ಕೆ ನಾಚಿಕೆಯೂ ಆಯಿತು. ಅತ್ತೆ, ಸಾಕು, ಅವಳನ್ನು ಬೈಯುವುದು ನನ್ನ ಕೆಲಸ, ನೀನು ನಿನ್ನ ಕೆಲಸ ನೋಡು ಎಂದು ಮಗನನ್ನು ಗದರಿದರು. ಮೈದುನ ಫೋನು ಎತ್ತಿಕೊಂಡು ಹೊರಗೆ ಹೋಗಿ ಆ ಇಂಜಿನ್ನು ಬೇಕು ಎಂದ. ಅಮ್ಮ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ ಎಂಬ ಮಾತನ್ನು ಅವನು ಆಮೇಲೆ ಎತ್ತಲಿಲ್ಲ, ಹಿಂದಕ್ಕೆ ತೆಗೆದುಕೊಂಡೆ ಎಂದೂ ಹೇಳಲಿಲ್ಲ. ಗಂಡಸರು ಇಂಥ ಮಾತನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ.

ಹೊಸದಾಗಿ ಕೂತ ಇಂಜಿನ್ನಿಗೆ ಮೂಗಿನ ತುದಿಯಲ್ಲೇ ಕೋಪ. ಕ್ಲಚ್ಚು ಕೂದಲೆಳೆಯಷ್ಟು ತಪ್ಪಿದರೂ ಗಕ್ಕನೆ ನಿಲ್ಲುತ್ತಿತ್ತು. ಗ್ಯಾರೇಜಿನಿಂದ ಹೊರಗೆ ತರುವಾಗ ಕ್ಲಚ್ಚಕ್ಕನೇ ಬೀದಿಯ ನಡುವೆ ನಿಲ್ಲಿಸಿಬಿಟ್ಟಳು. ಆಡುವ ಮಕ್ಕಳು ಬಿಡುತ್ತಾರೆಯೇ, "ಕ್ಲಚ್ಚು ಅಕ್ಕಾ, ಕ್ಲಚ್ಚು" ಎಂದು ಕೂಗಿಕೊಂಡು ಹಿಂದೆಯೇ ಓಡಿಬಂದರು. ಮುಸುಕಿನ ಸುದ್ದಿಯೂ ಹಬ್ಬಿತು. ಕೆಲವರು ಬರುವುದನ್ನು ಬಿಟ್ಟರು. ಬಂದವರಿಗೆ ಅವಳು ಮೊದಲ ದಿನವೇ ಮುಳ್ಳುಗಳನ್ನು ತೋರಿಸಿ, ಒಂದೊಂದರ ಗುಣವನ್ನೂ ಹೇಳತೊಡಗಿದಳು.

ಬಟ್ಟೆಯ ಚೀಲ ಕಪಾಟಿನಿಂದ ಇಳಿದು ಕಾರಿನ ಹಿಂದಿನ ಸೀಟು ಸೇರಿದ ದಿನ, ಅತ್ತೆ ಸ್ಟೇರಿಂಗ್ ಹಿಡಿದರು. ಏರು ಶುರುವಾಗುವ ಮೊದಲು ಕನ್ನಡಿ ಸರಿಮಾಡಿಕೊಂಡು, ಸೊಸೆಯ ಕಡೆ ತಿರುಗದೆ ಹೇಳಿದರು.

"ನಾನು ರಸ್ತೆ ನೋಡ್ತೀನಿ. ನೀನು ಮುಳ್ಳು ನೋಡು."

ಕ್ಲಚ್ಚಕ್ಕ ಪಕ್ಕಕ್ಕೆ ವಾಲಿ ಮುಳ್ಳಿನ ಮೇಲೆ ಕಣ್ಣು ನೆಟ್ಟಳು. ನೀರಿನ ಟ್ಯಾಂಕಿನ ತಿರುವು ಬಂತು, ಮುಳ್ಳು ನಡುವಿನಲ್ಲೇ ಇತ್ತು. ಇನ್ನೊಂದು ತಿರುವು, ಮತ್ತೊಂದು. ಇಷ್ಟು ತಿರುವು ರಸ್ತೆಯ ಕಡೆ ನೋಡದೆ ಕೂತು ಗೊತ್ತಿಲ್ಲದ ಅವಳ ಹೊಟ್ಟೆಯೊಳಗೆ ಏನೋ ಕಲಸಿದಂತಾಯಿತು. ಹಣೆಯ ಮೇಲೆ ತಣ್ಣನೆ ಬೆವರು ಒಡೆಯಿತು. ಬಾಯಲ್ಲಿ ನೀರೂರಿತು. ಅತ್ತೆ ಜೀವಮಾನವಿಡೀ ಅನುಭವಿಸಿದ್ದು ಇದೇ ಇರಬೇಕು ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

ಅತ್ತೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಆದರೂ ಅದು ಹೇಗೋ ಅವರಿಗೆ ತಿಳಿದುಹೋಗಿತ್ತು.

"ಹೊಟ್ಟೆ ತೊಳಸ್ತಿದೆಯಾ? ನಿಲ್ಲಿಸ್ಲಾ?"

"ಬೇಡ ಅತ್ತೆ. ನೀವು ಹೋಗ್ತಾ ಇರಿ," ಎಂದಳು ಕ್ಲಚ್ಚಕ್ಕ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಮುಳ್ಳನ್ನೇ ನೋಡುತ್ತ ಕೂತಳು.